ಎಫ್ ಕೀಲಿಯ ಒತ್ತಕ್ಷರ



ದೀಪಾವಳಿಗೆ ಮನೆ ಗುಡಿಸುವಾಗ ನಿಮ್ಮ ಅಟ್ಟದಿಂದ ಏನೇನು ಕೆಳಗಿಳಿಯುತ್ತದೆ? ತಳ ಒಡೆದ ಬಕೆಟ್ಟು, ನಿಂತ ಗಡಿಯಾರ, ಮಕ್ಕಳ ಹಳೆಯ ಪುಸ್ತಕ. ಅವುಗಳ ಜೊತೆಗೆ ಹಳೆಯ ಕಂಪ್ಯೂಟರಿನ ಕೀಲಿಮಣೆಯೊಂದು ಇಳಿದರೆ, ಭಂಗಾರ್‌ವಾಲಾನ ತಕ್ಕಡಿಗೆ ಹಾಕುವ ಮುನ್ನ ಒಂದು ನಿಮಿಷ ತಡೆಯಿರಿ. ಯಾವುದಾದರೂ ಕೀಲಿಯನ್ನು ಮೆಲ್ಲಗೆ ಒತ್ತಿ ನೋಡಿ. ‘ಟಿಕ್’ ಎಂದು ಖಡಕ್ಕಾಗಿ ಸದ್ದು ಬಂತೇ? ಹಾಗಾದರೆ ಅದನ್ನು ಮಾರಬೇಡಿ. ಏಕೆ ಮಾರಬಾರದು ಎಂಬುದೇ ನನ್ನ ಇಂದಿನ ಮಾತು.

ಇಂದಿನ ಅಗ್ಗದ ಕೀಲಿಮಣೆಯ ಒಳಗೆ ರಬ್ಬರಿನ ಒಂದು ಹಾಳೆ, ಅದರಡಿ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಅದು ಕೆಟ್ಟರೆ ಇಡೀ ಮಣೆಯೇ ಕಸ. ಮೆಕ್ಯಾನಿಕಲ್ ಕೀಲಿಮಣೆ ಹಾಗಲ್ಲ. ಅಲ್ಲಿ ಒಂದೊಂದು ಕೀಲಿಗೂ ಒಂದೊಂದು ಸ್ವತಂತ್ರ ಸ್ವಿಚ್ಚು. ಪುಟ್ಟ ಡಬ್ಬಿ, ಅದರೊಳಗೆ ಒಂದು ಸ್ಪ್ರಿಂಗು, ಮೇಲೆ ಕೆಳಗೆ ಓಡಾಡುವ ಒಂದು ಕಡ್ಡಿ, ಚಿನ್ನದ ಲೇಪವಿರುವ ಎರಡು ಲೋಹದ ಎಸಳು. ಜರ್ಮನಿಯ ಚೆರ್ರಿ ಕಂಪನಿಯ ನೀಲಿ ಸ್ವಿಚ್ಚನ್ನೇ ತೆಗೆದುಕೊಳ್ಳಿ. ಕೀಲಿ ಇಳಿಯುವುದು 4 ಮಿಲಿಮೀಟರ್. ಸುಮಾರು ಅರ್ಧ ದಾರಿಯಲ್ಲೇ ಎಸಳುಗಳು ಕೂಡಿ ಅಕ್ಷರ ಮೂಡುತ್ತದೆ, ‘ಟಿಕ್’ ಎಂದು ಬೆರಳಿಗೆ ಸುದ್ದಿಯೂ ಸಿಗುತ್ತದೆ. ಇಂಥ ಸ್ವಿಚ್ಚು ಐದು ಕೋಟಿ ಸಲ ಒತ್ತಿದರೂ ತಾಳುತ್ತದೆಂದು ತಯಾರಕರ ಲೆಕ್ಕ.

ನಮ್ಮ ಕಡೆಯವರಿಗೆ ಈ ಸದ್ದು ಹೊಸದೇನಲ್ಲ. ಗೋದ್ರೆಜ್ ಕಂಪನಿ 1955ರಲ್ಲಿ ಭಾರತದ ಮೊದಲ ಟೈಪ್‌ರೈಟರ್ ತಯಾರಿಸಿತು. 2009ರಲ್ಲಿ ಆ ತಯಾರಿಕೆ ನಿಲ್ಲಿಸಿತು. ಆ ಯಂತ್ರಗಳ ಮೇಲೆ ಬೆರಳು ಪಳಗಿಸಿಕೊಂಡು ಬ್ಯಾಂಕು, ಕಚೇರಿ ಸೇರಿದ ಎಷ್ಟೋ ಮಂದಿ ಇಂದು ಠಾಣೆ, ಡೊಂಬಿವಲಿಗಳಲ್ಲಿ ಪಿಂಚಣಿ ಪಡೆಯುತ್ತಿದ್ದಾರೆ. ಕಂಪ್ಯೂಟರ್ ಬಂದಾಗ ಅವರ ಬೆರಳಿಗೆ ಒಗ್ಗಿದ್ದು ಈ ಸದ್ದಿನ ಕೀಲಿಮಣೆಗಳೇ. ಐಬಿಎಂ 1985ರಲ್ಲಿ ತಂದ ‘ಮಾಡೆಲ್ ಎಂ’ ಎರಡು ಕಿಲೋಗೂ ಮಿಕ್ಕಿ ತೂಗುತ್ತಿತ್ತು. ನಮ್ಮಲ್ಲಿ ಮನೆಮಾತಾದದ್ದು ಟಿವಿಎಸ್ ಗೋಲ್ಡ್. ಅದರ ಹಳೆಯ ಮಣೆಗಳಲ್ಲಿದ್ದುದು ಇದೇ ಚೆರ್ರಿ ನೀಲಿ ಸ್ವಿಚ್ಚು. ಬ್ಯಾಂಕಿನ ಕೌಂಟರಿನಲ್ಲಿ, ರೈಲ್ವೆ ರಿಸರ್ವೇಷನ್ ಕಿಟಕಿಯ ಆಚೆ ನೀವು ಕೇಳಿದ ಆ ಚಟಪಟ ಸದ್ದನ್ನು ನೆನಪಿಸಿಕೊಳ್ಳಿ.

ಮಹಾಪೆ, ವಾಶಿಯ ಕಚೇರಿಗಳು ಹಳೆಯ ಕಂಪ್ಯೂಟರುಗಳನ್ನು ಹೊರಹಾಕಿದಾಗ ಇಂಥ ಮಣೆಗಳು ಭಂಗಾರ್ ಅಂಗಡಿ ಸೇರುತ್ತವೆ. ಅವುಗಳನ್ನು ಹುಡುಕಿ ತಂದು ರಿಪೇರಿ ಮಾಡುವುದು ನನ್ನ ಹವ್ಯಾಸ. ‘ಮನೆಯಲ್ಲೇ ಭಂಗಾರ್ ಅಂಗಡಿ ಇಟ್ಟಿದ್ದೀರಿ’ ಎಂದು ಮನೆಯಾಕೆ ಗೊಣಗುವುದೂ ಉಂಟು.

ಒಂದು ಮಳೆಗಾಲದಲ್ಲಿ ಕಲ್ಯಾಣದ ಅಂಥದೊಂದು ಅಂಗಡಿಯಲ್ಲಿ ನೀಲಿ ಸ್ವಿಚ್ಚಿನ ಒಂದು ಮಣೆ ಸಿಕ್ಕಿತು. ಧೂಳು ಒರೆಸಿ ನೋಡಿದರೆ ಏನೋ ವಿಚಿತ್ರ. ಇಂಗ್ಲಿಷ್ ಟೈಪ್ ಮಾಡುವವರ ಮಣೆಯಲ್ಲಿ ಇ, ಟಿ, ಎ ಕೀಲಿಗಳು ಮೊದಲು ಸವೆಯುತ್ತವೆ. ಇಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದದ್ದು ಎಫ್. ಬೆರಳಿಗೆ ಗುರುತು ಸಿಗಲೆಂದು ಆ ಕೀಲಿಯ ಮೇಲಿರುವ ಸಣ್ಣ ಗೆರೆಯೂ ಮಾಯವಾಗಿತ್ತು. ಇಂಗ್ಲಿಷಿನಲ್ಲಿ ಅಪರೂಪಕ್ಕೆ ಬೇಕಾಗುವ ಕ್ಯೂ ಕೂಡ ನುಣುಪಾಗಿ ಹೊಳೆಯುತ್ತಿತ್ತು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಮರಾಠಿ ಟೈಪ್ ಮಾಡುವವರಾಗಿದ್ದರೆ ಡಿ ಸವೆಯಬೇಕಿತ್ತು. ಅಲ್ಲಿ ಹಲಂತದ ಜಾಗ ಅದು. ಎಫ್ ಸವೆದಿದೆ, ಕ್ಯೂ ಸವೆದಿದೆ ಎಂದರೆ ಇದು ಕನ್ನಡದ ಕೈ!

ಹೇಗೆ ಗೊತ್ತು ಎನ್ನುತ್ತೀರಾ? ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರು ಬಲ್ಲರು. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಬೇಕು. ಟಕಾರಕ್ಕೆ ಕ್ಯೂ. ಅಕ್ಷರಕ್ಕೆ ಒತ್ತು ಕೊಡುವುದು ಎಫ್. ಈ ವಿನ್ಯಾಸದ ಮೂಲ ಕಿನ್ನಿಕಂಬಳ ಪದ್ಮನಾಭ ರಾವ್ ಅವರದು, ಎಲ್ಲರೂ ಕೆ.ಪಿ. ರಾವ್ ಎನ್ನುವವರು. ದಕ್ಷಿಣ ಕನ್ನಡದಿಂದ ಬಂದು ನಮ್ಮ ಮುಂಬೈಯಲ್ಲೇ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಮುಂದೆ ಟಾಟಾ ಪ್ರೆಸ್ಸಿನಲ್ಲೂ ದುಡಿದವರು. ಕನ್ನಡದ ಅಷ್ಟೂ ಕಾಗುಣಿತ, ಒತ್ತಕ್ಷರಗಳನ್ನು ಇಂಗ್ಲಿಷಿನ 26 ಕೀಲಿಗಳಲ್ಲೇ ಅಡಗಿಸಿದ ಜಾಣ್ಮೆ ಅದು.

ಮನೆಗೆ ತಂದು ಜೋಡಿಸಿ ನೋಡಿದೆ. ಎಲ್ಲ ಕೀಲಿಗಳೂ ಸರಿ, ಎಫ್ ಮಾತ್ರ ಸತ್ತಿತ್ತು. ‘ಕನ್ನಡ’ ಎಂದು ಹೊಡೆದರೆ ಪರದೆಯ ಮೇಲೆ ‘ಕನನಡ’. ‘ಅಮ್ಮ’ ಎಂದರೆ ‘ಅಮಮ’. ಇಂಗ್ಲಿಷಿನವನಾದರೆ ಒಂದು ಕೀಲಿ ಇಲ್ಲದೆಯೂ ಹೇಗೋ ಸುಧಾರಿಸಿಕೊಂಡಾನು. ಎಫ್ ಹೋದರೆ ಕನ್ನಡದವನ ಕೆಲಸವೇ ನಿಂತಿತು.

ರಿಪೇರಿ ಹೇಗೆಂದು ಕೇಳಿ. ಮೊದಲು ಮಣೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಯಾವ ಕೀಲಿ ಎಲ್ಲಿತ್ತೆಂದು ಆಮೇಲೆ ತಡಕಾಡಬೇಕಾಗುತ್ತದೆ. ಟೊಪ್ಪಿಗೆಗಳನ್ನು ಬಗ್ಗಿಸಿದ ತಂತಿಯಿಂದ ನೇರ ಮೇಲಕ್ಕೆ ಎಳೆಯಿರಿ. ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ತೊಳೆದು, ಇಡೀ ದಿನ ಒಣಗಿಸಿ. ಮಣೆಗೆ ನೀರು ತಾಗಿಸಬೇಡಿ, ಮೆತ್ತನೆಯ ಬ್ರಷ್ಷು ಸಾಕು. ನಮ್ಮದು ಖಾಡಿಯ ಪಕ್ಕದ ಊರುಗಳು. ಮಳೆಗಾಲದ ತೇವಕ್ಕೆ ಎಸಳುಗಳು ಕಿಲುಬು ಹಿಡಿದು ಒಂದೇ ಅಕ್ಷರ ಎರಡು ಸಲ ಬೀಳುವುದುಂಟು. ಎಷ್ಟೋ ಸಲ ಐಸೋಪ್ರೊಪೈಲ್ ಆಲ್ಕೋಹಾಲಿನ ಒಂದೆರಡು ಹನಿ ಬಿಟ್ಟು ನೂರು ಸಲ ಒತ್ತಿದರೆ ಸರಿಹೋಗುತ್ತದೆ.

ನನ್ನ ಎಫ್ ಅದಕ್ಕೂ ಬಗ್ಗಲಿಲ್ಲ. ಹೊಸ ಸ್ವಿಚ್ಚು ಕೈಯಲ್ಲಿರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಬಲ ಮೂಲೆಯ ಸ್ಕ್ರೋಲ್ ಲಾಕ್. ಅದನ್ನು ನೀವು ಕೊನೆಯ ಸಲ ಒತ್ತಿದ್ದು ಯಾವಾಗ? ಹುಟ್ಟಿದಾಗಿನಿಂದ ಸುಮ್ಮನೆ ಕೂತ ಕೀಲಿ ಅದು, ಸ್ವಿಚ್ಚು ಹೊಚ್ಚಹೊಸದು. ಹಿಂಬದಿಯಲ್ಲಿ ಎರಡೆರಡು ಕಾಲಿನ ಬೆಸುಗೆ ಕರಗಿಸಿ ಎರಡೂ ಸ್ವಿಚ್ಚುಗಳನ್ನು ಹೊರತೆಗೆದೆ. ಕೆಲಸವಿಲ್ಲದವನನ್ನು ಎಫ್‌ನ ಜಾಗಕ್ಕೆ ಕೂರಿಸಿದೆ, ದುಡಿದು ದಣಿದವನಿಗೆ ಮೂಲೆಯಲ್ಲಿ ವಿಶ್ರಾಂತಿ ಕೊಟ್ಟೆ. ಹಳೆಯ ಗುಂಡು ಪಿನ್ನಿನ ಮಣೆಯಾದರೆ ಒಂದು ಎಚ್ಚರಿಕೆ: ಕಂಪ್ಯೂಟರ್ ಆರಿಸಿಯೇ ಜೋಡಿಸಿ.

ಮಣೆಯ ತಳದಲ್ಲಿ ಅರ್ಧ ಹರಿದ ಒಂದು ಚೀಟಿ ಇತ್ತು. ಡೊಂಬಿವಲಿಯ ಒಂದು ಡಿಟಿಪಿ ಅಂಗಡಿಯ ಹೆಸರು. ಹುಡುಕಿಕೊಂಡು ಹೋದೆ. ಅಂಗಡಿ ಮುಚ್ಚಿತ್ತು, ಯಜಮಾನರು ಹತ್ತಿರದಲ್ಲೇ ಇದ್ದರು, ವಯಸ್ಸಾಗಿತ್ತು. ನಮ್ಮ ಊರುಗಳ ಕನ್ನಡಿಗರ ಮದುವೆ, ಮುಂಜಿ, ಸಂಘದ ವಾರ್ಷಿಕೋತ್ಸವಗಳ ಎಷ್ಟೋ ಕರೆಯೋಲೆ ಅವರ ಕೈಯಿಂದ ಹೊರಟವು. ‘ಒತ್ತು ಬೀಳುವುದು ನಿಂತಿತು. ಕೆಲಸವೂ ಕಡಿಮೆಯಾಗಿತ್ತು. ಇನ್ನು ಸಾಕು ಅನಿಸಿ ಕೊಟ್ಟುಬಿಟ್ಟೆ’ ಎಂದರು.

ಮಣೆಯನ್ನು ಅವರ ಮೊಮ್ಮಗನ ಕಂಪ್ಯೂಟರಿಗೆ ಜೋಡಿಸಿಕೊಟ್ಟೆ. ಅವರು ಏನನ್ನು ಟೈಪ್ ಮಾಡಬಹುದೆಂದು ಕುತೂಹಲದಿಂದ ಕಾದೆ. ಕನ್ನಡಕ ಸರಿಪಡಿಸಿಕೊಂಡರು, ಕೆಲವು ಸಲ ‘ಟಿಕ್’ ಎಂದಿತು. ಪರದೆಯ ನಡುವೆ ಒಂದೇ ಅಕ್ಷರ ಮೂಡಿತ್ತು: ‘ಶ್ರೀ’. ಪ್ರತಿ ಕರೆಯೋಲೆಯನ್ನೂ ಅವರು ಶುರುಮಾಡುತ್ತಿದ್ದದ್ದು ಹಾಗೆ. ಎಫ್ ಕೆಲಸ ಮಾಡದಿದ್ದರೆ ಅದು ‘ಶರೀ’ ಆಗುತ್ತಿತ್ತು. ಮಣೆಯನ್ನು ನಾನು ಮರಳಿ ತರಲಿಲ್ಲ.

ಕೇಳುಗರೇ, ಬಿಚ್ಚಿ ನೋಡಬಹುದಾದ ವಸ್ತುವನ್ನು ಬಿಚ್ಚಿ ನೋಡದೆ ಎಸೆಯಬೇಡಿ. ಕೆಟ್ಟಿರುವುದು ನೂರರಲ್ಲಿ ಒಂದು ಕೀಲಿ ಇರಬಹುದು. ಅದರ ಬದಲಿ ಅದೇ ಮಣೆಯ ಮೂಲೆಯಲ್ಲಿ ಕಾದು ಕೂತಿರಬಹುದು. ಈ ಹಬ್ಬಕ್ಕೆ ಅಟ್ಟ ಹತ್ತಿದಾಗ ಒಂದು ಕೀಲಿ ಒತ್ತಿ ನೋಡಿ. ಯಾವ ಕೀಲಿ ಹೆಚ್ಚು ಸವೆದಿದೆ ಎಂಬುದನ್ನೂ ನೋಡಿ. ನಿಮ್ಮ ಮನೆಯಲ್ಲಿ ಯಾರು ಏನನ್ನು ಬರೆಯುತ್ತಿದ್ದರೆಂದು ಅದೇ ಹೇಳುತ್ತದೆ.