ನೆನಪಿನ ಬೊಗಸೆ

ಬೈಲಹೊಂಗಲ, ಕಿತ್ತೂರು, ಸವದತ್ತಿಗಳಲ್ಲಿ ಪಾಠ ಹೇಳಿ ಈಗ ರಾಮದುರ್ಗಕ್ಕೆ ಬಂದಿರುವ ಕನ್ನಡ ಮಾಸ್ತರ ನಾನು. ಕಾಲೇಜು ಬಿಟ್ಟ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಸಿಕ್ಕ. ನೇಕಾರರ ಮನೆಯ ಹುಡುಗ, ಮಾತಿನಲ್ಲಿ ಚುರುಕು. ಏಕೆ ಬಿಟ್ಟೆಯೋ ಎಂದರೆ, "ಸರ, ಹೇಳಿದ್ದು ತಿಳೀತೈತ್ರಿ. ಬರಕೊಳ್ಳಾಕ ತಲಿ ಬಗ್ಗಿಸಿದರ ಮುಂದಿಂದು ಹಾರಿ ಹೋಗತೈತ್ರಿ" ಎಂದ. ಎಂಟನೆಯ ಇಯತ್ತೆಯಲ್ಲಿ ಇವನನ್ನೇ ನಾನು ಲಕ್ಷ್ಯವಿಲ್ಲದವನೆಂದು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಅವನಿಗೆ ಕಡಿಮೆಯಾದದ್ದು ಬುದ್ಧಿಯಲ್ಲ. ಕೇಳಿದ್ದನ್ನು ಕ್ಷಣಕಾಲ ಹಿಡಿದಿಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವ ನೆನಪೊಂದಿದೆ. ಬ್ಯಾಡ್ಲಿ ಮತ್ತು ಹಿಚ್ ಎಂಬ ಆಂಗ್ಲ ಮನಶ್ಶಾಸ್ತ್ರಜ್ಞರು 1974ರಲ್ಲಿ ಅದರ ರೂಪರೇಷೆ ಕೊಟ್ಟರು. ಕನ್ನಡದಲ್ಲಿ ಕಾರ್ಯಸ್ಮೃತಿ ಎನ್ನೋಣ. ಮಲಪ್ರಭೆಯ ನೀರನ್ನು ಬೊಗಸೆಯಲ್ಲಿ ಮೊಗೆದು ನಾಲ್ಕು ಹೆಜ್ಜೆ ನಡೆದು ನೋಡಿರಿ. ಎಲ್ಲರ ಬೊಗಸೆಯೂ ಸೋರುತ್ತದೆ. ಕೆಲವರದು ಬೇಗ ಸೋರುತ್ತದೆ. ಗಮನ ನಿಲ್ಲದ, ಓದುಬರಹ ತೊಡಕಾದ ವಿದ್ಯಾರ್ಥಿಗಳಲ್ಲಿ ಬಹುಮಂದಿಯ ಪಾಡು ಇದೇ.

ಸಾಧನೆಯಿಂದ ಈ ಬೊಗಸೆಯನ್ನು ಹಿಗ್ಗಿಸಬಹುದೇ? ಕೆನಡಾದಲ್ಲಿ ಇಂಥ 62 ಮಂದಿ ಕಾಲೇಜು ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಗಣಕಯಂತ್ರದ ಮೇಲೆ 5 ವಾರ ಅಭ್ಯಾಸ ಮಾಡಿಸಿ, ಕಾದಿರಿಸಿದ ಇನ್ನೊಂದು ಗುಂಪಿನೊಡನೆ ಹೋಲಿಸಿದರು. ವರದಿ 2014ರಲ್ಲಿ ಪ್ರಕಟವಾಯಿತು. ಅಭ್ಯಾಸ ಮಾಡಿದವರ ಕಾರ್ಯಸ್ಮೃತಿಯ ಅಂಕ ಏರಿತ್ತು; ಮರೆವು ಇಳಿಯಿತೆಂದು ಅವರೇ ಹೇಳಿದರು; 2 ತಿಂಗಳ ಮೇಲೂ ಲಾಭ ಉಳಿದಿತ್ತು. ಆದರೆ ಅನೇಕ ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದ 2013 ಮತ್ತು 2016ರ ಸಮೀಕ್ಷೆಗಳಿಗೆ, ಆ ಲಾಭ ಓದಿಗೂ ಲೆಕ್ಕಕ್ಕೂ ಹರಿದುಬರುತ್ತದೆನ್ನಲು ನಂಬುವಂಥ ಆಧಾರ ಸಿಗಲಿಲ್ಲ. ನನಗಿದು ಸೋಜಿಗವೆನಿಸಲಿಲ್ಲ. ಅಷ್ಟಾವಧಾನಿಯು ಎಂಟು ಜನ ಪೃಚ್ಛಕರನ್ನು ಏಕಕಾಲಕ್ಕೆ ನಿಭಾಯಿಸಬಲ್ಲ. ಅಷ್ಟರಿಂದಲೇ ಅವನು ಕಿರಾಣಿ ಯಾದಿಯನ್ನು ಮರೆಯುವುದಿಲ್ಲವೆಂದು ಅವನ ಮನೆಯವರು ಒಪ್ಪಲಿಕ್ಕಿಲ್ಲ!

ಆದುದರಿಂದ, ನೆನಪು ಬೆಳೆಸುತ್ತೇವೆಂದು ಹಣ ಕೇಳುವವರ ಬಾಗಿಲಿಗೆ ಹೋಗುವ ಮುನ್ನ ಮಕ್ಕಳ ಬೊಗಸೆಗೊಂದು ತಂಬಿಗೆ ಕೊಡಿರಿ. ನಮ್ಮ ಹಿರಿಯರು ಇದನ್ನು ಬಲ್ಲರು. ಛಂದಸ್ಸಿನ ಎಂಟು ಗಣಗಳನ್ನು ಬಿಡಿಬಿಡಿಯಾಗಿ ಕಲಿತರೆ 24 ಗುರುಲಘುಗಳ ಭಾರ. "ಯಮಾತಾರಾಜಭಾನಸಲಗಂ" ಎಂಬ ಹತ್ತೇ ಅಕ್ಷರಗಳಲ್ಲಿ ಅವೆಲ್ಲ ಅಡಗಿವೆ. ‘ಯ’ದಿಂದ ಮೂರಕ್ಷರ ಎಣಿಸಿದರೆ ಯಗಣ, ‘ಮಾ’ದಿಂದ ಮೂರಾದರೆ ಮಗಣ. ಲೆಕ್ಕದ ಮೆಟ್ಟಿಲುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದೂ ತಂಬಿಗೆಯೇ. ಅಧ್ಯಾಪಕರು ಹೇಳುವಾಗ ಹೇಳಿ, ಬರೆಯುವಾಗ ಸುಮ್ಮನಿದ್ದರೆ ಅದೂ ದೊಡ್ಡ ಉಪಕಾರ. ನಾವು ಸುಮ್ಮನಿರುವುದು ಕಷ್ಟ, ಆ ಮಾತು ಬೇರೆ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಎಣಿಸಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಮಗನನ್ನು ಸೋಮಾರಿ ಎನ್ನುವ ಮೊದಲು ವೈದ್ಯರಲ್ಲಿ ತಪಾಸಣೆ ಮಾಡಿಸಿರಿ; ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ವೇಳೆಯನ್ನು ಕೇಳಬಹುದು.

ಆ ಹುಡುಗ ಹೋದ ವಾರ ಮರುಪ್ರವೇಶದ ಅರ್ಜಿ ಹಿಡಿದು ಮನೆಗೆ ಬಂದಿದ್ದ. ಒಂದೊಂದೇ ಅಂಕಣವನ್ನು ಓದಿ ಹೇಳಿ, ಅವನು ಬರೆದು ಮುಗಿಸುವವರೆಗೆ ಸುಮ್ಮನೆ ಕುಳಿತೆ. ಒಂದು ಅಕ್ಷರವನ್ನೂ ಹೊಡೆದುಹಾಕದೆ ತುಂಬಿದ.