ಎರಡು ಹಸು ಹಾಯುವಷ್ಟು ದಾರಿ

ಸೈಕಲ್ಲಿನ ಮೇಲೆ ಕುಳಿತು ನೋಡಿದ ಲೋಕವೂ ಮೋಟಾರಿನಲ್ಲಿ ಕುಳಿತು ನೋಡಿದ ಲೋಕವೂ ಒಂದೇ ಅಲ್ಲ. ಮೋಟಾರಿನವನಿಗೆ ಊರುಗಳು ಕಾಣುತ್ತವೆ. ಸೈಕಲ್ಲಿನವನಿಗೆ ಊರುಗಳ ನಡುವೆ ಇರುವುದೆಲ್ಲ ಕಾಣುತ್ತದೆ. ದಾರಿ ಏರುತ್ತಿದೆಯೆಂಬುದು ಅವನ ಮೊಣಕಾಲಿಗೆ ಮೊದಲು ತಿಳಿಯುತ್ತದೆ, ಕಣ್ಣಿಗೆ ಆಮೇಲೆ. ಮೂವತ್ತೊಂದು ವರ್ಷ ತುಮಕೂರಿನಲ್ಲಿ ಮನೆಯಿಂದ ಕಾಲೇಜಿಗೂ ಕಾಲೇಜಿನಿಂದ ಮನೆಗೂ ಸೈಕಲ್ ತುಳಿದ ಕನ್ನಡ ಮೇಷ್ಟರೊಬ್ಬನ ಮಾತಿದು. ಇದರಲ್ಲಿ ಕೊಂಚ ಪಕ್ಷಪಾತ ಕಂಡರೆ ಕೇಳುಗರು ಮನ್ನಿಸಬೇಕು.

ನನ್ನ ಒಬ್ಬಳೇ ಮಗಳು ಐರ್ಲೆಂಡಿನಲ್ಲಿ ದಾದಿಯಾಗಿದ್ದಾಳೆ. ಆ ದೇಶದ ಪಶ್ಚಿಮ ತೀರದಲ್ಲಿ ಕ್ಲೇರ್ ಎಂಬ ಜಿಲ್ಲೆ. ಅದರ ಮುಖ್ಯ ಪಟ್ಟಣ ಎನ್ನಿಸ್. 2025ರ ಮೇ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿ ಅವಳ ಮನೆಯಲ್ಲಿ ಐದು ವಾರ ಇದ್ದೆವು. ಬೆಳಗ್ಗೆ ಏಳಕ್ಕೆ ಅವಳು ಕೆಲಸಕ್ಕೆ ಹೊರಟುಬಿಟ್ಟರೆ ನನಗೆ ಹೊತ್ತು ಹೋಗದು. ಮೂರನೆಯ ದಿನ ಪಕ್ಕದ ಮನೆಯವರ ಸೈಕಲ್ ಕೇಳಿ ತಂದೆ. ಮಗಳು, “ಅಪ್ಪ, ಹೆದ್ದಾರಿಗೆ ಮಾತ್ರ ಹೋಗಬೇಡಿ, ಚಿಕ್ಕ ರಸ್ತೆಯಲ್ಲೇ ಹೋಗಿ. ಹೆಲ್ಮೆಟ್ ಮರೆಯಬೇಡಿ” ಎಂದಳು. ಅವಳು ಹೈಸ್ಕೂಲಿಗೆ ಹೋಗುತ್ತಿದ್ದಾಗ ನಾನು ಹೇಳುತ್ತಿದ್ದ ಮಾತುಗಳೇ ಅವು, ಹೆಲ್ಮೆಟ್ ಒಂದನ್ನು ಬಿಟ್ಟರೆ. ಅಲ್ಲಿಯೂ ನಮ್ಮಂತೆಯೇ ಎಡಗಡೆಯ ಸಂಚಾರವಾದ್ದರಿಂದ ಹಳೆಯ ಅಭ್ಯಾಸಕ್ಕೆ ತೊಡಕಾಗಲಿಲ್ಲ.

ಆ ಚಿಕ್ಕ ರಸ್ತೆಗಳನ್ನು ರಸ್ತೆಯೆನ್ನುವುದಕ್ಕಿಂತ ಓಣಿಯೆನ್ನುವುದೇ ಸರಿ. ಒಂದು ಕಾರು ಬಂದರೆ ಇನ್ನೊಂದು ಕಾರು ಗೇಟಿನ ಬಳಿ ಸರಿದು ನಿಲ್ಲಬೇಕು. ಎರಡು ಬದಿಗೂ ಎದೆಯೆತ್ತರದ ಬೇಲಿ. ಮೇ ತಿಂಗಳಲ್ಲಿ ಆ ಬೇಲಿಯ ಮುಳ್ಳುಮರಗಳೆಲ್ಲ ಬಿಳಿಯ ಹೂ ಹೊತ್ತು ನಿಲ್ಲುತ್ತವೆ. ಅದರ ಹೆಸರು ಹಾಥಾರ್ನ್. ಹೊಲದ ನಡುವೆ ಒಂಟಿಯಾಗಿ ನಿಂತ ಇಂಥ ಮರದಲ್ಲಿ ಯಕ್ಷರ ವಾಸವೆಂದು ಅಲ್ಲಿನ ಹಿರಿಯರ ನಂಬಿಕೆ. ಅದಕ್ಕೆ ಕೊಡಲಿ ಹಾಕುವವರಿಲ್ಲ. ಎನ್ನಿಸಿನ ದಕ್ಷಿಣಕ್ಕೆ ಲಟೂನ್ ಎಂಬಲ್ಲಿ ಹೆದ್ದಾರಿ ಹಾಕುವಾಗ ಇಂಥದೊಂದು ಮರ ಅಡ್ಡ ಬಂತು. 1999ರಲ್ಲಿ ಕಥೆ ಹೇಳುವ ವೃತ್ತಿಯವರೊಬ್ಬರು ಅದರ ಪರವಾಗಿ ದನಿಯೆತ್ತಿದರು, ಮರ ಉಳಿಯಿತು. ಅರಳಿಕಟ್ಟೆಯ ನಾಡಿನಿಂದ ಹೋದ ನನಗೆ ಇದು ಹೊಸ ಸಂಗತಿಯೆನಿಸಲಿಲ್ಲ.

ಓಣಿಯ ಇನ್ನೊಂದು ಲಕ್ಷಣವೆಂದರೆ ನಟ್ಟನಡುವೆ ಉದ್ದಕ್ಕೂ ಬೆಳೆದ ಹುಲ್ಲಿನ ಗೆರೆ. ಗಾಲಿಗಳು ಹಾಯುವ ಎರಡು ಪಟ್ಟಿಗಳಲ್ಲಿ ಡಾಂಬರು ಉಳಿದಿರುತ್ತದೆ, ನಡುವೆ ಹುಲ್ಲು ತನ್ನ ಹಕ್ಕನ್ನು ಸ್ಥಾಪಿಸಿಕೊಂಡಿರುತ್ತದೆ. ಇಂಥ ಗ್ರಾಮೀಣ ದಾರಿಗಳಲ್ಲಿಯೂ ಗಂಟೆಗೆ 80 ಕಿಲೋಮೀಟರ್ ವೇಗಕ್ಕೆ ಕಾನೂನಿನ ಅನುಮತಿಯಿತ್ತು. 2025ರ ಫೆಬ್ರವರಿಯಲ್ಲಿ ಅದನ್ನು 60ಕ್ಕೆ ಇಳಿಸಿದರು. ನನ್ನ ವೇಗ ಹನ್ನೆರಡು. ಹುಲ್ಲಿಗೂ ನನಗೂ ಕಾನೂನಿನ ಚಿಂತೆಯಿರಲಿಲ್ಲ.

ಈ ಓಣಿಗೆ ಐರಿಷ್ ಭಾಷೆಯಲ್ಲಿ ‘ಬೋರೀನ್’ ಎನ್ನುತ್ತಾರೆ. ರಸ್ತೆಗೆ ಅವರ ಮಾತು ‘ಬೋಹರ್’, ಕಿರಿದಾದುದು ‘ಬೋರೀನ್’. ‘ಬೋ’ ಎಂದರೆ ಹಸು. ಒಂದು ಹಸು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ನಿಂತರೆ ಎಷ್ಟು ಅಗಲವೋ ಅಷ್ಟಿರಬೇಕು ದಾರಿ ಎಂಬುದು ಅವರ ಹಳೆಯ ಲೆಕ್ಕ. ಕೇಳಿ ನನಗೆ ಸಂತೋಷವಾಯಿತು. ಹಸುಗಳು ಮನೆಗೆ ಮರಳುವಾಗ ಏಳುವ ಧೂಳಿನಿಂದ ನಾವು ಸಂಜೆಗೊಂದು ಹೆಸರಿಟ್ಟೆವು. ‘ಗವ್ಯೂತಿ’ ಎಂಬ ಪ್ರಾಚೀನ ದೂರದ ಅಳತೆಯಲ್ಲಿಯೂ ಗೋವನ್ನು ಸೇರಿಸಿದೆವು. ಅವರು ದಾರಿಯ ಅಗಲವನ್ನು ಅದಕ್ಕೆ ಒಪ್ಪಿಸಿದರು.

ಸೈಕಲ್ಲಿಗೂ ಈ ದ್ವೀಪಕ್ಕೂ ಬೇರೊಂದು ಸಂಬಂಧವಿದೆ. ನಾವು ಹಗುರವಾಗಿ ತುಳಿಯುವ, ಗಾಳಿ ತುಂಬಿದ ಟೈರು ಬಳಕೆಗೆ ಬಂದದ್ದು ಇಲ್ಲಿಂದಲೇ. ಬೆಲ್‌ಫಾಸ್ಟ್ ನಗರದಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಸ್ಕಾಟ್‌ಲೆಂಡಿನ ಪಶುವೈದ್ಯನಿದ್ದ. 1887ರಲ್ಲಿ ಅವನು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ರಬ್ಬರಿನ ಕೊಳವೆ ಸುತ್ತಿ ಗಾಳಿ ತುಂಬಿದ. ಮರುವರ್ಷ ಹಕ್ಕುಪತ್ರ ಪಡೆದ. ಇದೇ ಉಪಾಯಕ್ಕೆ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ 1845ರಲ್ಲಿಯೇ ಹಕ್ಕು ಪಡೆದಿದ್ದನೆಂದು ತಿಳಿದು ಡನ್‌ಲಪ್‌ನ ಹಕ್ಕು ಬಿದ್ದುಹೋಯಿತು. ಆದರೆ ಟೈರು ಉರುಳಿತು. ಐರಿಷ್ ಕಾದಂಬರಿಕಾರ ಫ್ಲಾನ್ ಓಬ್ರಿಯನ್ನನ ‘ದಿ ಥರ್ಡ್ ಪೊಲೀಸ್‌ಮನ್’ 1967ರಲ್ಲಿ, ಅವನು ತೀರಿಕೊಂಡ ಮರುವರ್ಷ, ಪ್ರಕಟವಾಯಿತು. ಅದರಲ್ಲಿ ಪೊಲೀಸಿನವನೊಬ್ಬನ ಸಿದ್ಧಾಂತವಿದೆ: ಒರಟು ದಾರಿಯಲ್ಲಿ ಬಹುಕಾಲ ಸೈಕಲ್ ತುಳಿದವನ ಪರಮಾಣುಗಳು ಸೈಕಲ್ಲಿಗೂ, ಸೈಕಲ್ಲಿನವು ಅವನಿಗೂ ಸೇರಿ, ಮನುಷ್ಯ ಕ್ರಮೇಣ ಸೈಕಲ್ಲಾಗುತ್ತಾನೆ. ಗೋಡೆಗೆ ಒರಗಿ ನಿಲ್ಲುವ ನನ್ನ ಅಭ್ಯಾಸದ ಕಾರಣ ನನಗೆ ಅಂದು ಹೊಳೆಯಿತು.

ದಿನಕ್ಕೆ ಇಷ್ಟಿಷ್ಟೇ ದೂರ ಹೆಚ್ಚಿಸಿಕೊಂಡು ಕೊನೆಗೆ ಉತ್ತರದ ಬರೆನ್ ಪ್ರದೇಶದವರೆಗೂ ಹೋದೆ. ಕೊರೊಫಿನ್ ಎಂಬ ಹಳ್ಳಿ, ಆಚೆಗೆ ಕಿಲ್‌ನಬಾಯ್, ಅಲ್ಲಿಂದ ಬಲಕ್ಕೆ ತಿರುಗಿದರೆ ಕ್ಯಾರನ್ನಿನ ದಾರಿ. ಬರೆನ್ ಎಂದರೆ ಕಲ್ಲುನೆಲವೆಂದೇ ಅರ್ಥ. ಮೈಲಿಗಟ್ಟಲೆ ಬೂದುಬಣ್ಣದ ಸುಣ್ಣಕಲ್ಲಿನ ಹಾಸು. ಬಿರುಕುಗಳಲ್ಲಿ ಜೆನ್ಷಿಯನ್ ಎಂಬ ಕಡುನೀಲಿಯ ಪುಟ್ಟ ಹೂ. ಬೇಸಿಗೆಯ ಬಿಸಿಲನ್ನು ಆ ಕಲ್ಲು ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿನ ರೈತರು ದನಗಳನ್ನು ಚಳಿಗಾಲದಲ್ಲಿ ಬೆಟ್ಟಕ್ಕೆ ಹತ್ತಿಸುತ್ತಾರೆ, ಬೇಸಗೆಯಲ್ಲಿ ಕೆಳಗಿಳಿಸುತ್ತಾರೆ. ದೂರದಲ್ಲಿ ನಮ್ಮ ಕೋಗಿಲೆಯ ಬಳಗದ ಹಕ್ಕಿಯೊಂದು ಕೂಗುತ್ತಿತ್ತು. ಅದು ನಿಂತರೆ ನನ್ನ ಸೈಕಲ್ಲಿನ ಸರಪಳಿಯ ಸದ್ದು ಮಾತ್ರ. ಇಂಥ ಮೌನಕ್ಕಾಗಿಯೇ ಜನ ದೇಶವಿದೇಶಗಳಿಂದ ಈ ಓಣಿಗಳಿಗೆ ಸೈಕಲ್ ಹಿಡಿದು ಬರುತ್ತಾರೆ. ಬದುಕಿನಲ್ಲಿ ಅಷ್ಟು ನೆಮ್ಮದಿಯ ಮೌನವನ್ನು ನಾನು ಕೇಳಿರಲಿಲ್ಲ.

ಒಂದು ತಿರುವಿನಲ್ಲಿ ಬೆಟ್ಟದ ಓರೆಗೆ ಹುಲ್ಲು ಮುಚ್ಚಿದ ದಾರಿಯೊಂದು ಒಡೆದು ಹೋಗಿತ್ತು. ಸೈಕಲ್ ತಳ್ಳಿಕೊಂಡು ಹೊರಟೆ. ಎರಡೂ ಬದಿಗೆ ಕಲ್ಲಿನ ಗೋಡೆ, ತಳಕ್ಕೆ ಅಚ್ಚುಕಟ್ಟಾಗಿ ಜಲ್ಲಿ ಕೂರಿಸಿದ ಕೆಲಸ. ಅರ್ಧ ಮೈಲಿ ಹೋದಮೇಲೆ ದಾರಿ ಬಂಡೆಯ ಎದುರಿಗೆ ಇದ್ದಕ್ಕಿದ್ದಂತೆ ಮುಗಿಯಿತು. ಆಚೆಗೆ ಮನೆಯಿಲ್ಲ, ಹೊಲವಿಲ್ಲ. ಮರಳಿ ಬಂದಾಗ ಗೇಟಿನ ಬಳಿ ವಯಸ್ಸಾದ ರೈತರೊಬ್ಬರು ನಿಂತಿದ್ದರು. ದಾರಿ ತಪ್ಪಿತೆಂದು ನಾನು ಹೇಳಿದೆ. ಅವರು ನಕ್ಕು, “ತಪ್ಪಿಲ್ಲ. ಅದು ಹೋಗುವುದೇ ಅಷ್ಟು. ಅದನ್ನು ಹಾಕಿದವರಿಗೆ ಬೇಕಾಗಿದ್ದದ್ದು ದಾರಿಯಲ್ಲ, ಗಂಜಿ” ಎಂದರು.

ಅದು ಕ್ಷಾಮದ ಕಾಲದ ರಸ್ತೆ. 1845ರಿಂದ ಆಲೂಗೆಡ್ಡೆಯ ಬೆಳೆಗೆ ಅಂಗಮಾರಿ ತಗುಲಿ, ಅದೊಂದನ್ನೇ ಉಂಡು ಬದುಕಿದ್ದ ಬಡವರ ಹೊಟ್ಟೆಗೆ ಏನೂ ಉಳಿಯಲಿಲ್ಲ. ಬಿಟ್ಟಿಯಾಗಿ ಉಣಲಿಕ್ಕಿದರೆ ಜನ ಸೋಮಾರಿಗಳಾದಾರೆಂದು ಅಂದಿನ ಆಳರಸರು ಹಸಿದವರ ಕೈಗೆ ಸುತ್ತಿಗೆ ಕೊಟ್ಟು ಕಲ್ಲು ಒಡೆಸಿದರು. 1847ರ ಮಾರ್ಚ್ ಹೊತ್ತಿಗೆ ಇಂಥ ಕಾಮಗಾರಿಗಳಲ್ಲಿ 7 ಲಕ್ಷಕ್ಕೂ ಮೇಲ್ಪಟ್ಟು ಜನರಿದ್ದರು. ಆಮೇಲೆ ಆ ಏರ್ಪಾಟನ್ನು ಕೈಬಿಟ್ಟರು. ಎಷ್ಟೋ ರಸ್ತೆಗಳು ನಿಂತಲ್ಲೇ ನಿಂತವು. ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಮಂದಿ ಹಡಗು ಹತ್ತಿದರು. ನಮ್ಮ ಅಜ್ಜಿ ತನ್ನ ತಾಯಿಯಿಂದ ಕೇಳಿ ಹೇಳುತ್ತಿದ್ದ ಧಾತು ಈಶ್ವರ ಸಂವತ್ಸರಗಳ ಬರ, 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಬರಿದು ಮಾಡಿದ ಆ ಬರ, ನನ್ನ ನೆನಪಿಗೆ ಬಂತು. ಅಲ್ಲಿಯೂ ಹಸಿದವರು ಕೂಲಿಗಾಗಿ ಮಣ್ಣು ಹೊತ್ತಿದ್ದರು.

1841ರಲ್ಲಿ ಈ ಕ್ಲೇರ್ ಜಿಲ್ಲೆಯ ಜನಸಂಖ್ಯೆ 2,86,000ಕ್ಕೂ ಮೇಲಿತ್ತು. 1966ರಲ್ಲಿ 74,000ಕ್ಕಿಂತ ಕಡಿಮೆ. ಮತ್ತೆ ಏರಿ, 2022ರ ಗಣತಿಯಲ್ಲಿ 1,28,000ದ ಸಮೀಪಕ್ಕೆ ಬಂದಿದೆ. ಇನ್ನೂ ಹಿಂದಿನ ಅರ್ಧವಿಲ್ಲ. ಈ ಅಂಕಿಗಳನ್ನು ನಾನು ಮನೆಗೆ ಹಿಂತಿರುಗಿದ ಮೇಲೆ ಓದಿ ತಿಳಿದೆ. ಆದರೆ ಆ ಗೇಟಿನ ಬಳಿ ನಿಂತಾಗ ಅವು ನನಗೆ ಗೊತ್ತಿರಲಿಲ್ಲ. “ಎಂಥ ಮೌನ ನಿಮ್ಮದು! ಪುಣ್ಯವಂತರು” ಎಂದುಬಿಟ್ಟೆ. ಅವರು ಸ್ವಲ್ಪ ಹೊತ್ತು ಬೆಟ್ಟವನ್ನೇ ನೋಡುತ್ತಿದ್ದರು. “ಕೊಂಚ ಗದ್ದಲವಿದ್ದರೆ ನನಗೇನೂ ಬೇಸರವಾಗುತ್ತಿರಲಿಲ್ಲ” ಎಂದರು. ಅವರ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಬಾಸ್ಟನ್ನಿನಲ್ಲಿ, ಒಬ್ಬ ಸಿಡ್ನಿಯಲ್ಲಿ.

ನನ್ನ ಬಾಯಿ ಕಟ್ಟಿತು. ಇಷ್ಟು ದಿನ ನಾನು ಸವಿದ ಮೌನ ಹುಲ್ಲಿನದಲ್ಲ, ಕಲ್ಲಿನದಲ್ಲ; ಹೊರಟುಹೋದವರು ಬಿಟ್ಟುಹೋದದ್ದು. ಆ ಮಾತು ಆಡಲು ಮೂರು ದಿನದ ಸೈಕಲ್ ಪಥಿಕನಿಗೆ ಸುಲಭ. ತುಮಕೂರಿನ ನಮ್ಮ ಮನೆಯಲ್ಲಿಯೂ ಅದೇ ಮೌನವಿದೆಯೆಂಬುದು, ಅದಕ್ಕೆ ಪುಣ್ಯವೆಂಬ ಹೆಸರನ್ನು ನಾನು ಎಂದೂ ಕೊಟ್ಟಿರಲಿಲ್ಲವೆಂಬುದು ಆಗ ನೆನಪಾಯಿತು. ನನ್ನ ಮಗಳು ಎನ್ನಿಸಿನಲ್ಲಿರುವುದನ್ನು ಹೇಳಿದೆ. ಅವರ ಮುಖ ಅರಳಿತು. “ಹಾಗಾದರೆ ನಿಮ್ಮ ಮನೆಯ ಗದ್ದಲ ಈಗ ನಮ್ಮಲ್ಲಿದೆ” ಎಂದರು. ಚಳಿಗಾಲದಲ್ಲಿ ಅವರು ಸೊಂಟ ಮುರಿದು ಮಲಗಿದ್ದಾಗ ಆಸ್ಪತ್ರೆಯಲ್ಲಿ ಆರೈಕೆ ಮಾಡಿದವಳು ಭಾರತದ ಹುಡುಗಿಯೊಬ್ಬಳಂತೆ. ನನ್ನ ಮಗಳೇ ಇರಲಾರಳು. ಅಂಥವರು ಅಲ್ಲಿ ಬಹಳ. ಆದರೂ ನಾವಿಬ್ಬರೂ ಆ ವಿಷಯವನ್ನು ಹೆಚ್ಚು ಬಗೆಯಲು ಹೋಗಲಿಲ್ಲ.

ಅಷ್ಟರಲ್ಲಿ ಸಣ್ಣಗೆ ಹನಿಯತೊಡಗಿತು. ಇಂಥ ಜಿನುಗುಮಳೆಯ ದಿನವನ್ನು ಅಲ್ಲಿನವರು ‘ಮೆತ್ತನೆಯ ದಿನ’ ಎನ್ನುತ್ತಾರೆ. ಹೊರಟೆ. ಸ್ವಲ್ಪ ದೂರ ಬಂದಾಗ ಹಿಂದಿನಿಂದ ಅವರ ಟ್ರ್ಯಾಕ್ಟರ್ ಬಂತು; ಓಣಿಯ ಬೇಲಿಗೆ ಒತ್ತಿ ನಿಂತೆ. ಅವರು ಚಕ್ರದಿಂದ ಕೈ ತೆಗೆಯದೆ ತೋರುಬೆರಳೊಂದನ್ನು ಮಾತ್ರ ಎತ್ತಿ ಮುಂದೆ ಹೋದರು. ಆ ನಾಡಿನ ಹಳ್ಳಿದಾರಿಯ ನಮಸ್ಕಾರ ಅದು. ಪರಿಚಯ ಬೇಕಿಲ್ಲ, ಮಾತು ಬೇಕಿಲ್ಲ. ಎದುರಿಗೆ ಬಂದವನಿಗೆಲ್ಲ ಒಂದು ಬೆರಳು ಏಳುತ್ತದೆ. ದಾರಿಯಲ್ಲಿ ಜನ ವಿರಳವಾದಷ್ಟೂ ಒಬ್ಬೊಬ್ಬನ ಬೆಲೆ ಹೆಚ್ಚು ಎಂಬುದನ್ನು ಆ ಬೆರಳು ಹೇಳುತ್ತದೆಯೆಂದು ನನಗನ್ನಿಸಿತು.

ಊರಿಗೆ ಮರಳಿದ ಮೇಲೆ, ಒಂದು ಬೆಳಗ್ಗೆ ಸೈಕಲ್ ತೆಗೆದುಕೊಂಡು ತರಕಾರಿಗೆ ಹೊರಟೆ. ಅಭ್ಯಾಸಬಲದಿಂದ ಎದುರಿಗೆ ಬಂದವರಿಗೆ ಹ್ಯಾಂಡಲ್ಲಿನಿಂದ ಬೆರಳು ಎತ್ತಿದೆ. ಯಾರೂ ಗಮನಿಸಲಿಲ್ಲ. ಆಟೋದವನೊಬ್ಬ ಮಾತ್ರ ಗಕ್ಕನೆ ನಿಲ್ಲಿಸಿ, “ಎಲ್ಲಿಗೆ ಸಾರ್?” ಎಂದ. ಸೈಕಲ್ಲಿನ ಮೇಲೆ ಕುಳಿತವನನ್ನು ಅವನು ಹಾಗೆ ಕೇಳಿದ್ದೇಕೋ ತಿಳಿಯದು. ಎಲ್ಲಿಗೂ ಇಲ್ಲವೆಂದೆ. ಅವನು ನಕ್ಕ, ನಾನೂ ನಕ್ಕೆ. ಗದ್ದಲದ ನಡುವೆ ಅಷ್ಟು ಹೊತ್ತು ನಾವಿಬ್ಬರೂ ನಿಂತದ್ದೇ ಸಾಕೆನಿಸಿತು.