ಮನೆಯಲ್ಲಿ ವಿಮಾನ ಕಟ್ಟುವವರಿಗೆ ನಾಲ್ಕು ಮಾತು

(ಸಂಘದ ರಾತ್ರಿ ಶಾಲೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಹಲಗೆಯ ಮೇಲೆ ಓದಿ ಕೆಲವರು ನಕ್ಕದ್ದನ್ನು ನಾನು ನೋಡಿದ್ದೇನೆ. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದವನಿಗೆ ವಿಮಾನದ ಗೊಡವೆ ಯಾಕಪ್ಪಾ ಎಂದು ನಿಮ್ಮ ಮನಸ್ಸಿನಲ್ಲಿದೆ. ನ್ಯಾಯವಾದ ಪ್ರಶ್ನೆ. ಆದರೆ ಈ ವಿಷಯವನ್ನು ನನ್ನ ತಲೆಗೆ ಕಟ್ಟಿದವರು ನಮ್ಮ ರಾತ್ರಿ ಶಾಲೆಯ ಹುಡುಗರು. "ಅಣ್ಣಾ, ಕಾಂದಿವಲಿಯಲ್ಲಿ ಒಬ್ಬರು ಮನೆಯ ತಾರಸಿಯ ಮೇಲೆಯೇ ವಿಮಾನ ಕಟ್ಟಿದರಂತೆ, ನಿಜವೇ? ನಾವೂ ಕಟ್ಟಬಹುದೇ?" ಎಂದು ಕೇಳಿದರು. ಮೊದಲನೆಯದಕ್ಕೆ ನಿಜವೆಂದು ಹೇಳಿದೆ. ಎರಡನೆಯದಕ್ಕೆ ಉತ್ತರ ಹೇಳುವ ಮೊದಲು ಓದಬೇಕಾಯಿತು, ತಿಳಿದವರನ್ನು ಕೇಳಬೇಕಾಯಿತು. ಹೀಗೆ ಸಿಕ್ಕಿದ್ದನ್ನು ಇಂದು ನಿಮ್ಮ ಎಲೆಗೆ ಬಡಿಸುತ್ತೇನೆ. ಅಡುಗೆ ಬೇರೆಯವರದು, ಬಡಿಸುವ ಕೈ ನನ್ನದು.

ಮೊದಲು ನಮ್ಮ ಮುಂಬಯಿಯ ಕಥೆಯನ್ನೇ ಕೇಳಿ. ಕ್ಯಾಪ್ಟನ್ ಅಮೋಲ್ ಯಾದವ್ ಅವರು ವೃತ್ತಿಯಿಂದ ವಿಮಾನ ಚಾಲಕರು. ಕಾಂದಿವಲಿಯಲ್ಲಿ ತಾವಿದ್ದ ಕಟ್ಟಡದ ತಾರಸಿಯ ಮೇಲೆ ಆರು ಜನ ಕೂರುವಂಥ ವಿಮಾನವನ್ನು ಕಟ್ಟಿದರು. ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಲೇತು, ಕಂಪ್ರೆಸರು, ವೆಲ್ಡಿಂಗ್ ಯಂತ್ರ, ಸುಮಾರು 180 ಕಿಲೋ ತೂಕದ ಎಂಜಿನು, ಎಲ್ಲವೂ ಮೆಟ್ಟಿಲ ಮೇಲೆಯೇ ಏರಿದವು. ಅಕ್ಕಿಯ ಮೂಟೆ ಹೊತ್ತು ಮಾಳಿಗೆ ಹತ್ತಿದ ನಮ್ಮವರಿಗೆ ಆ ಬೆವರಿನ ಲೆಕ್ಕ ಬೇರೆ ಹೇಳಬೇಕಾಗಿಲ್ಲ. ಬಿಡಿ ಬಿಡಿಯಾಗಿ ಏರಿದ ಸಾಮಾನು ಇಳಿಯುವ ಹೊತ್ತಿಗೆ ವಿಮಾನವಾಗಿ ಕುಳಿತಿತ್ತು. 2016ರ ಫೆಬ್ರವರಿಯಲ್ಲಿ ಬಾಂದ್ರಾ-ಕುರ್ಲಾದ ಪ್ರದರ್ಶನಕ್ಕೆ ಅದನ್ನು ಒಯ್ಯಲು ಕ್ರೇನು ತರಿಸಬೇಕಾಯಿತು. ಆಮೇಲೆ ಸರಕಾರಿ ಕಾಗದದ ಮೆಟ್ಟಿಲುಗಳು ಬಂದವು. ನೋಂದಣಿಯಾದದ್ದು 2017ರ ನವೆಂಬರಿನಲ್ಲಿ. ಹಾರಿಸಿ ನೋಡಲು ಪರವಾನಗಿ ಸಿಕ್ಕಿದ್ದು 2019ರ ಅಕ್ಟೋಬರಿನಲ್ಲಿ.

ಇದರಿಂದ ಎರಡು ಪಾಠ. ಒಂದು: ಕೆಲಸ ಶುರು ಮಾಡುವ ಮೊದಲು ಬಾಗಿಲಿನ ಅಗಲವನ್ನು ಅಳೆಯಿರಿ. ಇದು ತಮಾಷೆಯಲ್ಲ. ಕೋಣೆಯಲ್ಲಿ ರೆಕ್ಕೆ ಕಟ್ಟಿ, ಹೊರಗೆ ತರಲು ಗೋಡೆ ಒಡೆಸಿದವರ ಕಥೆಗಳನ್ನು ವಿಮಾನ ಕಟ್ಟುವವರು ಎಲ್ಲ ದೇಶಗಳಲ್ಲೂ ಹೇಳುತ್ತಾರೆ. ನಮ್ಮ ಹತ್ತು ಅಡಿ ಉದ್ದದ ಖೋಲಿಯಲ್ಲಂತೂ ಬಾಲವನ್ನು ಒಳಗಿಟ್ಟರೆ ನಾವು ಹೊರಗೆ ಮಲಗಬೇಕು. ಎರಡು: ಕಾಗದದ ಕೆಲಸವೂ ಕೆಲಸವೇ. ಪರವಾನಗಿ ಇಲ್ಲದೆ ಹಾರಿದರೆ ಅಪಾಯ ಹಾರುವವನಿಗೆ ಮಾತ್ರವಲ್ಲ, ಕೆಳಗಿನ ಚಾಳಿನಲ್ಲಿ ಮಲಗಿದವರಿಗೂ ಇದೆ.

ವಿಮಾನವೆಂದರೆ ದೊಡ್ಡ ದೊಡ್ಡ ಪದವಿ ಪಡೆದವರ ಕೆಲಸವೆಂದು ತಿಳಿದವರಿಗೆ ಒಂದು ಮಾತು. 1903ರ ಡಿಸೆಂಬರ್ 17ರಂದು ಎಂಜಿನಿನ ಬಲದಿಂದ ಮೊದಲು ಹಾರಿದ ರೈಟ್ ಸಹೋದರರು ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಕಾಲೇಜು ಪದವಿ ಇಬ್ಬರಿಗೂ ಇರಲಿಲ್ಲ. ಅವರ ವಿಮಾನದ ರೆಕ್ಕೆಗೆ ಹೊದಿಸಿದ್ದು ಹತ್ತಿಯ ಮಸ್ಲಿನ್ ಬಟ್ಟೆ. ಹೊಲಿಗೆ ಯಂತ್ರದಲ್ಲಿ ಹೊಲಿದವರೂ ಅವರೇ. ಗಿರಣಿಯ ಹಿರಿಯರೇ, ಎಂಜಿನಿನ ಬಲದಿಂದ ಮನುಷ್ಯನನ್ನು ಮೊದಲು ಆಕಾಶಕ್ಕೆ ಎತ್ತಿದ ರೆಕ್ಕೆ ನೇಕಾರನ ಬಟ್ಟೆಯದು, ಇದನ್ನು ನೀವು ಮೊಮ್ಮಕ್ಕಳಿಗೆ ಹೇಳಬಹುದು. ಮೊದಲ ಹಾರಾಟ 12 ಸೆಕೆಂಡು, 120 ಅಡಿ. ನಮ್ಮ ಭಟ್ಟರು ಒಂದು ದೋಸೆ ಮಗುಚುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಆ ವಿಮಾನದ ಎಂಜಿನು ಮಾಡಿದವನು ಯಾರು? ಅವರ ಅಂಗಡಿಯ ಕೆಲಸಗಾರ ಚಾರ್ಲ್ಸ್ ಟೇಲರ್. ಲೇತು, ಡ್ರಿಲ್ಲು ಮುಂತಾದ ಅಂಗಡಿಯ ಉಪಕರಣಗಳಿಂದಲೇ ಸುಮಾರು ಆರು ವಾರಗಳಲ್ಲಿ ಮಾಡಿ ಮುಗಿಸಿದ. ರೈಟರ ಹೆಸರು ಶಾಲೆಯ ಪುಸ್ತಕದಲ್ಲಿದೆ. ಟೇಲರನು ಮುಪ್ಪಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಧರ್ಮಾಸ್ಪತ್ರೆಯ ಹಾಸಿಗೆ ಸೇರಿದ್ದ. ಸುದ್ದಿ ತಿಳಿದ ವಿಮಾನ ಉದ್ಯಮದವರು ಹಣ ಕೂಡಿಸಿ ಕೊನೆಗಾಲದಲ್ಲಿ ನೋಡಿಕೊಂಡರು. 1956ರಲ್ಲಿ ತೀರಿಕೊಂಡ. ಕೆಲಸ ಮಾಡಿದ ಕೈಯ ಹೆಸರನ್ನು ಬರೆದಿಡಬೇಕೆಂದು ನಮ್ಮ ಸಂಘ ಹೇಳುವುದು ಇದಕ್ಕೇ.

ಈಗ ಕಟ್ಟುವ ಕೆಲಸಕ್ಕೆ ಬರೋಣ. ತಿಳಿದವರು ಹೇಳುವ ಸೂಚನೆಗಳನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ.

ಮೊದಲನೆಯ ಸೂಚನೆ ತೂಕದ್ದು. ಹೋಟೆಲಿನಲ್ಲಿ ಗಿರಾಕಿಯ ತಟ್ಟೆಗೆ ಸ್ವಲ್ಪ ಹೆಚ್ಚು ಹಾಕಿದರೆ ಪುಣ್ಯ ಬರುತ್ತದೆ. ವಿಮಾನಕ್ಕೆ ಸ್ವಲ್ಪ ಹೆಚ್ಚು ಹಾಕಿದರೆ ಪಾಪ ಬರುತ್ತದೆ. "ಗಟ್ಟಿಯಾಗಿರಲಿ" ಎಂದು ದಪ್ಪ ತಗಡು, "ಚೆಂದ ಕಾಣಲಿ" ಎಂದು ಮೂರು ಸಲ ಬಣ್ಣ, "ಸುಖವಾಗಿರಲಿ" ಎಂದು ಮೆತ್ತೆ. ಬಣ್ಣವೊಂದೇ ಹಲವು ಕಿಲೋ ಆಗುತ್ತದೆ. ಹೀಗೆ ಒಂದೊಂದೇ ಸೇರಿ ಕೊನೆಗೆ ವಿಮಾನ ಬಸ್ಸಿನ ಹಾಗೆ ರಸ್ತೆಯ ಮೇಲೆಯೇ ಓಡಲು ಇಷ್ಟಪಡುತ್ತದೆ.

ಎರಡನೆಯದು ಸಮತೋಲ. ಇದನ್ನು ನಮ್ಮ ಸಪ್ಲಾಯರಿಗೆ ಯಾವ ಪ್ರೊಫೆಸರೂ ಕಲಿಸಬೇಕಾಗಿಲ್ಲ. ಎಡಗೈಯ ಮೇಲೆ ನಾಲ್ಕು ತಟ್ಟೆ ಜೋಡಿಸುವಾಗ ಸಾಂಬಾರಿನ ಬಟ್ಟಲು ಎಲ್ಲಿರಬೇಕೆಂದು ಅವನ ಮೊಣಕೈಗೆ ಗೊತ್ತು. ಅದನ್ನು ಎರಡು ಅಂಗುಲ ಸರಿಸಿದರೆ ಗಿರಾಕಿಯ ಅಂಗಿಗೆ ಸಾಂಬಾರಿನ ಅಭಿಷೇಕ. ವಿಮಾನದಲ್ಲೂ ಒಟ್ಟು ಭಾರ ನಿಲ್ಲುವ ಬಿಂದು ನಕ್ಷೆ ಹೇಳಿದ ಎಲ್ಲೆಯೊಳಗೇ ಇರಬೇಕು. ವಿಮಾನವನ್ನು ಮಟ್ಟವಾಗಿ ನಿಲ್ಲಿಸಿ, ಒಂದೊಂದು ಚಕ್ರದ ಕೆಳಗೂ ತಕ್ಕಡಿ ಇಟ್ಟು ತೂಗಿ, ಲೆಕ್ಕ ಹಾಕುತ್ತಾರೆ. ಮೂಗು ಭಾರವಾದರೆ ಹಾರಿಸಲು ಕಷ್ಟ. ಬಾಲ ಭಾರವಾದರೆ ಅದಕ್ಕಿಂತ ಕೆಟ್ಟದ್ದು, ವಿಮಾನ ಚಾಲಕನ ಮಾತನ್ನೇ ಕೇಳದು.

ಮೂರನೆಯದು ರಿವೆಟ್ಟು, ಬೋಲ್ಟು. ಅಲ್ಯೂಮಿನಿಯಮ್ಮಿನ ಸಣ್ಣ ವಿಮಾನಕ್ಕೂ ಸಾವಿರಾರು ರಿವೆಟ್ಟು ಬೇಕು. ತೂತನ್ನು ತಗಡಿನ ಅಂಚಿಗೆ ತೀರ ಹತ್ತಿರ ಕೊರೆಯಬಾರದು. ತೂತಿನ ನಡುವಿನಿಂದ ಅಂಚಿಗೆ ರಿವೆಟ್ಟಿನ ದಪ್ಪದ ಎರಡರಷ್ಟಾದರೂ ದೂರ ಬೇಕೆಂಬುದು ಸಾಮಾನ್ಯ ನಿಯಮ. ಹತ್ತಿರವಾದರೆ ಅಂಚು ಹರಿಯುತ್ತದೆ. ತೂತು ಕೊರೆದ ಮೇಲೆ ಅದರ ಸುತ್ತಲಿನ ಮುಳ್ಳನ್ನು ಉಜ್ಜಿ ತೆಗೆಯಬೇಕು; ಬಿಟ್ಟರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಬೋಲ್ಟಿನ ತಲೆಯನ್ನು ಸಾಧ್ಯವಿದ್ದಲ್ಲೆಲ್ಲ ಮೇಲಕ್ಕೆ ಅಥವಾ ಮುಂದಕ್ಕೆ ಇಡುತ್ತಾರೆ. ಯಾಕೆ? ನಟ್ಟು ಕಳಚಿ ಬಿದ್ದರೂ ಬೋಲ್ಟು ತನ್ನ ತೂತಿನಲ್ಲೇ ನಿಲ್ಲಲಿ ಎಂದು. ಎಷ್ಟು ಸಣ್ಣ ಮಾತು! ಆದರೆ ಇದರ ಹಿಂದೆ ಒಂದು ದೊಡ್ಡ ಬುದ್ಧಿ ಇದೆ: ಮನುಷ್ಯನ ಕೈ ಒಂದು ದಿನ ಮರೆಯುತ್ತದೆ, ಮರೆತ ದಿನವೂ ಜೀವ ಉಳಿಯುವಂತೆ ಕೆಲಸ ಮಾಡು.

ನಾಲ್ಕನೆಯದು ಬಟ್ಟೆ. ಇಂದು ರೆಕ್ಕೆಗೆ ಬಟ್ಟೆ ಹೊದಿಸುವವರು ಪಾಲಿಯೆಸ್ಟರ್ ಬಟ್ಟೆಯನ್ನು ಅಂಟಿಸಿ, ಇಸ್ತ್ರಿಪೆಟ್ಟಿಗೆಯ ಶಾಖದಿಂದ ಬಿಗಿ ಮಾಡುತ್ತಾರೆ. ಇಲ್ಲಿ ನೀರು ಚಿಮುಕಿಸಿ "ಚುಂಯ್" ಎಂದಿತೋ ಇಲ್ಲವೋ ನೋಡುವ ಅಂದಾಜು ನಡೆಯದು. ಶಾಖವನ್ನು ಅಳೆದೇ ಇಡಬೇಕು. ಹೆಚ್ಚಾದರೆ ಬಿಗಿಯಾದ ಬಟ್ಟೆ ಮತ್ತೆ ಸಡಿಲವಾಗುತ್ತದೆ.

ಐದನೆಯದು ಕಾಲದ ಲೆಕ್ಕ. ಮನೆಯಲ್ಲಿ ವಿಮಾನ ಕಟ್ಟುವವನನ್ನು "ಎಷ್ಟು ಆಯಿತು?" ಎಂದು ಕೇಳಿದರೆ "ಇನ್ನೇನು, ಸ್ವಲ್ಪವೇ ಉಳಿದಿದೆ" ಎನ್ನುತ್ತಾನೆ. ಐದು ವರ್ಷ ಬಿಟ್ಟು ಕೇಳಿ, ಅದೇ ಉತ್ತರ. ನಮ್ಮಲ್ಲಿ "ಈಗ ಬಂತು ಸಾರ್, ಎರಡೇ ನಿಮಿಷ" ಎನ್ನುತ್ತೇವಲ್ಲ, ಅದೇ ಜಾತಿ. ಇದಕ್ಕೆ ಮದ್ದು ಒಂದೇ: ದಿನಕ್ಕೆ ಅರ್ಧ ಗಂಟೆಯಾದರೂ ಸರಿ, ತಪ್ಪದೆ ಕೆಲಸ ಮಾಡುವುದು, ಮಾಡಿದ್ದನ್ನು ಪುಸ್ತಕದಲ್ಲಿ ಬರೆದು ಫೋಟೋ ತೆಗೆದಿಡುವುದು. ಗಲ್ಲೆಯ ಲೆಕ್ಕದಂತೆ ಅಂದಂದಿನದು ಅಂದಂದೇ.

ಆರನೆಯ ಸೂಚನೆ ಎಲ್ಲಕ್ಕಿಂತ ದೊಡ್ಡದು. ಇಲ್ಲಿ ನಗುವನ್ನು ಸ್ವಲ್ಪ ಬದಿಗಿಡೋಣ. ನಕ್ಷೆಯನ್ನು ನಿಮ್ಮಷ್ಟಕ್ಕೆ ತಿದ್ದಬೇಡಿ. ನಕ್ಷೆ ಮಾಡಿದವನನ್ನೂ ಕಣ್ಣುಮುಚ್ಚಿ ನಂಬಬೇಡಿ. ಎರಡಕ್ಕೂ ಒಂದೊಂದು ಉದಾಹರಣೆ ಕೊಡುತ್ತೇನೆ.

ಅಮೆರಿಕದ ಪ್ರಸಿದ್ಧ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಕಡಲಿಗೆ ಬಿದ್ದು ಸತ್ತರು. ಹಾರಿಸುತ್ತಿದ್ದುದು ಲಾಂಗ್-ಈಜಿ ಎಂಬ ಸಣ್ಣ ವಿಮಾನ. ಇನ್ನೊಬ್ಬರು ಮನೆಯಲ್ಲಿ ಕಟ್ಟಿದ್ದು, ಇವರು ಕೊಂಡದ್ದು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಪೆಟ್ರೋಲು ಬದಲಿಸುವ ಚಾವಿ ನಕ್ಷೆಯ ಪ್ರಕಾರ ಚಾಲಕನ ಮುಂದೆ, ಕಾಲುಗಳ ನಡುವೆ ಇರಬೇಕು. ಕಟ್ಟಿದವರು ಪೆಟ್ರೋಲಿನ ಕೊಳವೆ ಕೂರುವ ಜಾಗಕ್ಕೆ ಬರುವುದು ಬೇಡವೆಂದು ಅದನ್ನು ಎಡ ಹೆಗಲಿನ ಹಿಂದೆ ಇಟ್ಟಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಆ ಚಾವಿ ತಿರುಗಿಸಲು ಚಾಲಕನು ಮೈ ತಿರುಚಿ ಹಿಂದಕ್ಕೆ ಕೈ ಹಾಕಬೇಕು; ಆಗ ಕಾಲು ಪೆಡಲನ್ನು ಒತ್ತುತ್ತದೆ, ವಿಮಾನ ವಾಲುತ್ತದೆ. ಅಂದು ನಡೆದದ್ದು ಇದೇ ಎಂದು ತನಿಖೆಯವರು ತೀರ್ಮಾನಿಸಿದರು. ಟ್ಯಾಂಕಿನಲ್ಲಿ ಪೆಟ್ರೋಲು ಸಾಕಷ್ಟು ಇಲ್ಲದಿದ್ದುದೂ, ಆ ವಿಮಾನದ ಅಭ್ಯಾಸ ಅವರಿಗೆ ಸಾಲದಿದ್ದುದೂ ಇದಕ್ಕೆ ಸೇರಿದವು.

ತಮ್ಮಂದಿರೇ, ಇದನ್ನು ಕೇಳಿ ನಮ್ಮ ಅಡುಗೆಮನೆಗಳನ್ನು ನೆನೆಯಿರಿ. ಗ್ಯಾಸಿನ ಚಾವಿ ಒಲೆಯ ಆಚೆ ಇದ್ದು, ಬೆಂಕಿ ಎದ್ದಾಗ ಬೆಂಕಿಯ ಮೇಲೆಯೇ ಕೈ ಚಾಚಿ ಮುಚ್ಚಬೇಕಾದ ಜಾಗಗಳು ಎಷ್ಟಿಲ್ಲ? ಚಾವಿ ಕೆಟ್ಟಿಲ್ಲ, ಇಟ್ಟ ಜಾಗ ಕೆಟ್ಟದ್ದು. ನೆಮ್ಮದಿಯ ದಿನ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೆಯ ಉದಾಹರಣೆ ಫ್ರಾನ್ಸಿನದು. ಆನ್ರಿ ಮಿನ್ಯೇ ಎಂಬವನು 1933ರಲ್ಲಿ ಒಂದು ಪುಟ್ಟ ವಿಮಾನ ಮಾಡಿ ಹಾರಿಸಿದ. ಆಕಾಶದ ಚಿಗಟ ಎಂದು ಅದಕ್ಕೆ ಹೆಸರು. ಮರದ ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ವಿಮಾನವನ್ನೂ ಕಟ್ಟಬಲ್ಲನೆಂಬುದು ಅವನ ವಾದ. 1934ರಲ್ಲಿ ಪುಸ್ತಕ ಬರೆದ. ಅದನ್ನು ಓದಿ ಫ್ರಾನ್ಸಿನಲ್ಲೂ ಇಂಗ್ಲೆಂಡಿನಲ್ಲೂ ಸಾಮಾನ್ಯ ಜನ ಷೆಡ್ಡುಗಳಲ್ಲಿ ಕಟ್ಟತೊಡಗಿದರು. ಶ್ರೀಮಂತರ ಆಕಾಶ ಬಡವರಿಗೂ ತೆರೆಯಿತೆಂದು ಹಿಗ್ಗಿದರು. ಆ ಹಿಗ್ಗು ಸುಳ್ಳಲ್ಲ. ಆದರೆ ಒಂದರ ಹಿಂದೊಂದು ವಿಮಾನ ಮೂಗು ಕೆಳಗೆ ಮಾಡಿ ನೆಲಕ್ಕೆ ಬಿತ್ತು, ಜನ ಸತ್ತರು. ಕೊನೆಗೆ ವಿಮಾನವನ್ನೇ ದೊಡ್ಡ ಗಾಳಿಯ ಸುರಂಗದಲ್ಲಿಟ್ಟು ಪರೀಕ್ಷಿಸಿದಾಗ ದೋಷ ಸಿಕ್ಕಿತು. ಮುಂದಿನ ಮತ್ತು ಹಿಂದಿನ ರೆಕ್ಕೆಗಳ ನಡುವಿನ ಸಂದು ಕಿರಿದಾಗಿತ್ತು. ಮೂಗು ಒಂದು ಮಿತಿಗಿಂತ ಹೆಚ್ಚು ಬಗ್ಗಿದರೆ ಹಿಂದಿನ ರೆಕ್ಕೆ ಹೆಚ್ಚು ಮೇಲೆತ್ತುತ್ತಿತ್ತು. ಚಾಲಕ ಏನು ಮಾಡಿದರೂ ಮೂಗು ಏಳುತ್ತಿರಲಿಲ್ಲ. ಅದರ ಹಾರಾಟಕ್ಕೆ ತಡೆ ಬಿತ್ತು. ಮಿನ್ಯೇ ಆಮೇಲೆ ತಿದ್ದಿ ಬೇರೆ ನಮೂನೆಗಳನ್ನು ಮಾಡಿದ. ಸತ್ತವರು ಬರಲಿಲ್ಲ.

ಮೊಳೆ ಹೊಡೆಯುವ ಕೈಯನ್ನು ಅವನು ನಂಬಿದ್ದು ಸರಿ. ಆದರೆ ಆ ಕೈಗೆ ಇನ್ನೊಂದು ಕಣ್ಣಿನ ಕಾವಲೂ ಬೇಕು. ಇಂದು ನಾನು ಹೇಳಬೇಕೆಂದು ಬಂದ ಮಾತು ಇದೊಂದೇ.

ಈ ಕಾವಲನ್ನು ಕಟ್ಟಿದ್ದು ಹೇಗೆ ಎಂದರೆ, ನಮ್ಮ ಹಾಗೆಯೇ, ಸಂಘ ಮಾಡಿ. 1953ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಇಂಥ ಮನೆ ವಿಮಾನದ ಹುಚ್ಚರನ್ನು ಸೇರಿಸಿ ಒಂದು ಸಂಘ ಕಟ್ಟಿದರು. ಕೆಲವೇ ಜನರಿಂದ ಶುರುವಾದ ಅದು ಬೆಳೆದು, ಇಂದು ವರ್ಷಕ್ಕೊಮ್ಮೆ ಆಶ್‌ಕಾಶ್ ಊರಿನಲ್ಲಿ ಅದರ ಜಾತ್ರೆ ನಡೆಯುತ್ತದೆ. ಆ ಸಂಘದಲ್ಲಿ ಅನುಭವಸ್ಥರು ಹಣ ತೆಗೆದುಕೊಳ್ಳದೆ ಸದಸ್ಯರ ಮನೆಗೆ ಹೋಗಿ ಕೆಲಸ ನೋಡಿಕೊಡುತ್ತಾರೆ. ರೆಕ್ಕೆಯ ಹೊದಿಕೆ ಮುಚ್ಚುವ ಮೊದಲೇ ಅವರನ್ನು ಕರೆಯಬೇಕು. ಮುಚ್ಚಿದ ಮೇಲೆ ಒಳಗಿನ ತಪ್ಪು ದೇವರಿಗೆ ಮಾತ್ರ ಕಾಣುತ್ತದೆ, ದೇವರು ಇನ್‌ಸ್ಪೆಕ್ಟರ್ ಅಲ್ಲ.

ಕಾನೂನೂ ಈ ದಾರಿಯಲ್ಲೇ ಇದೆ. ಅಮೆರಿಕದಲ್ಲಿ ವಿಮಾನದ ಹೆಚ್ಚಿನ ಪಾಲನ್ನು ಹವ್ಯಾಸಿಗಳು ಕಲಿಯುವುದಕ್ಕೋ ಸಂತೋಷಕ್ಕೋ ತಾವೇ ಕಟ್ಟಿರಬೇಕು. ಸರಕಾರದ ತಪಾಸಣೆ ಆಗಬೇಕು. ಆಮೇಲೂ ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆ, ಎಂಜಿನನ್ನು ನೋಡಿ, ಜನವಸತಿಯಿಂದ ದೂರ, ಪ್ರಯಾಣಿಕರಿಲ್ಲದೆ ಹಾರಿಸಿ ಪರೀಕ್ಷಿಸಬೇಕು. ಮೊದಲ ಹಾರಾಟಕ್ಕೆ ನೆಂಟರಿಷ್ಟರನ್ನು ಕರೆಯಬೇಡಿ ಎಂದು ಬಲ್ಲವರು ಹೇಳುತ್ತಾರೆ. ಮಾವನವರು ಹಾರ ಹಿಡಿದು ನಿಂತಿರುವಾಗ "ಇಂದು ಗಾಳಿ ಸರಿಯಿಲ್ಲ, ಹಾರುವುದಿಲ್ಲ" ಎನ್ನಲು ಯಾರಿಗೆ ಬಾಯಿ ಬರುತ್ತದೆ? "ಬೇಡ" ಎನ್ನುವ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಿ. ಕೆಲಸದ ಜಾಗದಲ್ಲೂ ಇದು ನಮ್ಮ ಹಕ್ಕು. ಸೋರುವ ಕೊಳವೆಯ ಮುಂದೆ ಒಲೆ ಹೊತ್ತಿಸುವುದಿಲ್ಲ ಎನ್ನುವ ಹುಡುಗ ಸೋಮಾರಿಯಲ್ಲ, ಎಲ್ಲರ ಜೀವ ಕಾಯುವವನು.

ಹಾಗಾದರೆ ನಾವು ಕಟ್ಟಬಹುದೇ? ಹುಡುಗರ ಪ್ರಶ್ನೆಗೆ ನನ್ನ ಉತ್ತರ ಇದು. ನಮ್ಮ ಸಂಬಳದಲ್ಲಿ ಎಂಜಿನು ಕೊಳ್ಳುವ ಕನಸನ್ನು ನಾನು ತೋರಿಸಲಾರೆ. ಆದರೆ ಮರದ ಕಡ್ಡಿ, ಕಾಗದದಿಂದ ಸಣ್ಣ ಮಾದರಿ ಮಾಡಿ ಹಾರಿಸಿ. ಸಮತೋಲದ ಪಾಠವೆಲ್ಲ ಅದರಲ್ಲೇ ಇದೆ. ಕೈಲಾದವರು ಐಟಿಐ ಸೇರಿ ಫಿಟ್ಟರ್ ಕೆಲಸ ಕಲಿಯಿರಿ. ರಿವೆಟ್ಟು ಹೊಡೆಯಬಲ್ಲ, ನಕ್ಷೆ ಓದಬಲ್ಲ, ತಪ್ಪನ್ನು ತಪ್ಪೆಂದು ಹೇಳಬಲ್ಲ ಕೈಗೆ ಈ ದೇಶದಲ್ಲಿ ಕೆಲಸವಿದೆ. ಮತ್ತು ಇಂದು ಇರುವ ಕೆಲಸದಲ್ಲೇ ಶುರು ಮಾಡಿ. ನಾಳೆ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಪಕ್ಕದವನನ್ನು ಕರೆದು "ಮಾರಾಯಾ, ಈ ಕೊಳವೆ ಸ್ವಲ್ಪ ನೋಡು" ಎನ್ನಿ. ಅವನು ಕರೆದಾಗ ನೀವೂ ಹೋಗಿ ನೋಡಿ. ನಾಚಿಕೆ ಬೇಡ, ಸಿಟ್ಟೂ ಬೇಡ.